ಕೋಲು ಮುಟ್ಟಿದರೆ ಫೇಲು

ಆ ಕಾಲೇಜಿನಲ್ಲಿ ಪದವಿ ಕೈಗೆ ಸಿಗಬೇಕಾದರೆ ಮೂವರನ್ನು ದಾಟಬೇಕು ಎಂದು ಹುಡುಗರು ಹೇಳಿಕೊಳ್ಳುತ್ತಿದ್ದರು: ಗಣಿತದ ಮೇಷ್ಟ್ರು, ಫೀಸು ಕಿಟಕಿಯ ಗುಮಾಸ್ತ, ಕೋಲುಮೇಷ್ಟ್ರು. ಮೊದಲಿನ ಇಬ್ಬರಿಗೆ ಹೇಗೋ ಉಪಾಯವಿತ್ತು. ಗಣಿತದವರ ಮನೆಪಾಠಕ್ಕೆ ಸೇರಿದರೆ ಅವರ ಮನಸ್ಸು ಕರಗುತ್ತಿತ್ತು. ಗುಮಾಸ್ತ ನಾಳೆ ಬಾ ಅಂದರೂ ನಾಡಿದ್ದಕ್ಕಾದರೂ ಕಿಟಕಿ ತೆಗೆಯುತ್ತಿದ್ದ. ಕೋಲುಮೇಷ್ಟ್ರ ಹತ್ತಿರ ಮಾತ್ರ ಯಾರ ಬೇಳೆಯೂ ಬೇಯುತ್ತಿರಲಿಲ್ಲ.

ಅವರು ಕಾಲೇಜಿನ ಈಜು ಶಿಕ್ಷಕರು. ಚರಿತ್ರೆ ಓದಲಿ, ರಸಾಯನಶಾಸ್ತ್ರ ಓದಲಿ, ಸಾಹಿತ್ಯವನ್ನೇ ಅರೆದು ಕುಡಿದಿರಲಿ, ಕಾಲೇಜಿನ ಈಜುಕೊಳವನ್ನು ಈ ತುದಿಯಿಂದ ಆ ತುದಿಗೆ ನಡುವೆ ನಿಲ್ಲದೆ, ಏನನ್ನೂ ಹಿಡಿಯದೆ ಈಜಿ ದಾಟದವರಿಗೆ ಪದವಿಯಿಲ್ಲ. ಇದು ನಿಯಮ. ಪರೀಕ್ಷೆಯ ದಿನ ಮೇಷ್ಟ್ರು ಉದ್ದನೆಯ ಬಿದಿರು ಕೋಲು ಹಿಡಿದು ಕೊಳದ ದಂಡೆಯ ಮೇಲೆ ಈಜುವವರ ಜೊತೆಜೊತೆಗೆ ನಡೆಯುತ್ತಿದ್ದರು. ಯಾರಾದರೂ ಮುಳುಗುವ ಹಾಗೆ ಕಂಡರೆ ಕೋಲಿನ ತುದಿ ಅವರ ಮುಂದೆ ಇಳಿಯುತ್ತಿತ್ತು. ಹಿಡಿದರೆ ಜೀವ ಉಳಿಯಿತು, ಪರೀಕ್ಷೆ ಹೋಯಿತು. ಮತ್ತೆ ಅರ್ಧ ವರ್ಷ ಕಾಯಬೇಕು. ಬಟ್ಟೆ ಬದಲಿಸುವ ಕೋಣೆಯ ಗೋಡೆಯ ಮೇಲೆ ಅವರೇ ನೀಲಿ ಬಣ್ಣದಲ್ಲಿ ಬರೆದಿದ್ದರು, ಕೋಲು ಮುಟ್ಟಿದರೆ ಫೇಲು ಅಂತ. ಅದರ ಕೆಳಗೆ ಯಾವನೋ ಕಿಡಿಗೇಡಿ ಮುಟ್ಟದಿದ್ದರೆ ಸಾವು ಎಂದು ಸೀಮೆಸುಣ್ಣದಲ್ಲಿ ಸೇರಿಸುತ್ತಿದ್ದ. ಮೇಷ್ಟ್ರು ಪ್ರತಿ ಸಲವೂ ಒದ್ದೆ ಬಟ್ಟೆಯಲ್ಲಿ ಅದನ್ನಷ್ಟೇ ಒರೆಸುತ್ತಿದ್ದರು.

ಹೊಸದಾಗಿ ಸೇರಿದವರಿಗೆ ಮೊದಲ ದಿನ ಒಂದು ಕಥೆ ಹೇಳುತ್ತಿದ್ದರು. ಕಾಲೇಜು ಕಟ್ಟಿಸಿದ ಪುಣ್ಯಾತ್ಮನಿಗೆ ಒಬ್ಬನೇ ಮಗನಂತೆ. ಮಹಾ ಬುದ್ಧಿವಂತನಂತೆ. ಪದವಿ ತೆಗೆದುಕೊಂಡ ವಾರದಲ್ಲೇ ಗೆಳೆಯರ ಜೊತೆ ನದಿಗೆ ಹೋಗಿ ಮುಳುಗಿ ಸತ್ತನಂತೆ. ಅಪ್ಪ ಆ ಸಂಕಟದಲ್ಲಿ ಈ ಕೊಳ ಕಟ್ಟಿಸಿ, ಇನ್ನು ಮೇಲೆ ಇಲ್ಲಿಂದ ಹೊರಗೆ ಹೋಗುವ ಯಾವ ಮಗುವೂ ನೀರಿಗೆ ಬಲಿಯಾಗಬಾರದು ಎಂದು ನಿಯಮ ಮಾಡಿದನಂತೆ. "ತಲೇಲಿ ಎಷ್ಟು ತುಂಬ್ಕೊಂಡಿದ್ರೂ ಮೂಗಿನೊಳಗೆ ನೀರು ಹೋದ್ರೆ ಮುಗೀತು," ಎಂದು ಕಥೆ ಮುಗಿಸುತ್ತಿದ್ದರು. ಆ ಕಥೆಯನ್ನು ಎಲ್ಲರಿಗಿಂತ ಹೆಚ್ಚಾಗಿ ನಂಬಿದ್ದವರು ಅವರೇ.

ಕೋಲುಮೇಷ್ಟ್ರಿಗೆ ಪದವಿಯಿರಲಿಲ್ಲ. ಅಪ್ಪ ದೋಣಿಯವನು, ಜನರನ್ನು ನದಿ ದಾಟಿಸುತ್ತಿದ್ದವನು. ಸೇತುವೆ ಬಂತು, ದೋಣಿ ದಡದಲ್ಲೇ ಕೊಳೆಯಿತು, ಹುಡುಗನ ಓದು ಅಲ್ಲಿಗೇ ನಿಂತಿತು. ಕಾಲೇಜಿಗೆ ಅವರು ಬಂದದ್ದು ಕೊಳ ತೊಳೆಯುವ ಕೆಲಸಕ್ಕೆ. ಆಗಿನ ಈಜು ಶಿಕ್ಷಕ ಕೆಲಸ ಬಿಟ್ಟು ಹೋದಾಗ, ಹೊಸಬನನ್ನು ಹುಡುಕಲು ಸೋಮಾರಿತನವಾಗಿ ಆಡಳಿತದವರು, ಇವನಿಗೆ ಹೇಗೂ ಈಜು ಬರುತ್ತದಲ್ಲ ಎಂದು ಪೊರಕೆ ಕಿತ್ತುಕೊಂಡು ಸೀಟಿ ಕೊಟ್ಟರು. ಅಂದಿನಿಂದ ಪದವಿಯಿಲ್ಲದ ಮನುಷ್ಯ ಪದವಿಗೆ ಕಾವಲು ನಿಂತ. ಊರಿನ ದೊಡ್ಡ ದೊಡ್ಡ ವಕೀಲರು, ಡಾಕ್ಟರುಗಳ ಮಕ್ಕಳು ಚಡ್ಡಿ ಹಾಕಿಕೊಂಡು ಹಲ್ಲು ಕಟಕಟ ಅನ್ನಿಸುತ್ತಾ ತನ್ನ ಮುಂದೆ ಸಾಲು ನಿಲ್ಲುವುದನ್ನು ನೋಡಿದಾಗ ಅವರಿಗೆ ಹೊಟ್ಟೆ ತುಂಬುತ್ತಿತ್ತು. ಇದನ್ನು ಮುಚ್ಚಿಟ್ಟು ಅವರನ್ನು ಸಂತ ಮಾಡುವುದರಲ್ಲಿ ಅರ್ಥವಿಲ್ಲ. ಅವರ ಪ್ರಾಮಾಣಿಕತೆ ಅಪ್ಪಟ ಚಿನ್ನವೇ, ಆದರೆ ಆ ಚಿನ್ನವನ್ನು ಅವರು ಒಡವೆಯ ಹಾಗೆ ಮೈಮೇಲೆ ಹಾಕಿಕೊಂಡು ಓಡಾಡುತ್ತಿದ್ದರು.

ನಿಯಮಕ್ಕೆ ಒಂದು ಕಿಂಡಿಯಿತ್ತು. ದೇಹಸ್ಥಿತಿ ಸರಿಯಿಲ್ಲದೆ ಈಜಲಾರದವರಿಗೆ ವಿನಾಯಿತಿ. ಅದಕ್ಕೆ ಡಾಕ್ಟರ ಸರ್ಟಿಫಿಕೇಟೂ ಬೇಕು, ಈಜು ಶಿಕ್ಷಕರ ಸಹಿಯೂ ಬೇಕು. ನಿಜವಾಗಿ ಕೈಕಾಲು ಊನವಿದ್ದವರು ಬಂದರೆ ಮೇಷ್ಟ್ರು ಕುರ್ಚಿ ಎಳೆದು ಕೂರಿಸಿ ತಕ್ಷಣ ಸಹಿ ಹಾಕಿ ಕಳಿಸುತ್ತಿದ್ದರು. ಆದರೆ ಫುಟ್‌ಬಾಲ್ ಮೈದಾನದಲ್ಲಿ ಗೂಳಿಯ ಹಾಗೆ ಓಡುವ ಹುಡುಗ ಎದೆ ಹಿಡಿದುಕೊಂಡು ಸರ್ಟಿಫಿಕೇಟು ತಂದರೆ, ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಇದನ್ನ ನೀರಿಗೆ ಹಾಕಿ ನೋಡೋಣ, ತೇಲಿದ್ರೆ ನೀನೂ ಪಾಸು," ಎಂದು ಕೊಳಕ್ಕೆ ಬಿಡುತ್ತಿದ್ದರು. ಶಾಯಿ ಕದಡಿ ಕಾಗದ ಮೆತ್ತಗಾಗಿ ತಳಕ್ಕೆ ಇಳಿಯುವುದನ್ನು ಇಡೀ ತರಗತಿ ನೋಡಬೇಕಾಗಿತ್ತು. ಸುಳ್ಳಿಗೆ ಅವರ ಸಹಿ ಒಂದು ಸಲವೂ ಬಿದ್ದದ್ದಿಲ್ಲ.

ಹೆಂಡತಿ ಬೇಗ ತೀರಿಕೊಂಡಿದ್ದಳು, ಮಕ್ಕಳಿಲ್ಲ. ಪಕ್ಕದ ಬೀದಿಯಲ್ಲಿ ತಂಗಿಯಿದ್ದಳು. ಅವಳ ಗಂಡ ಬೇರೆ ಊರಿಗೆ ಕೆಲಸಕ್ಕೆಂದು ಹೋದವನು ಅಲ್ಲೇ ಇನ್ನೊಂದು ಸಂಸಾರ ಹೂಡಿ ಕೂತಿದ್ದ. ತಂಗಿಗೆ ಒಬ್ಬಳೇ ಮಗಳು. ಮೇಷ್ಟ್ರು ಸಂಜೆಯ ಊಟ ಅಲ್ಲೇ ಮಾಡುತ್ತಿದ್ದರು. ಆ ಹುಡುಗಿಗೆ ಅಕ್ಷರ ತಿದ್ದಿಸಿದ್ದು, ಶಾಲೆಗೆ ಸೇರಿಸಿದ್ದು, ಜ್ವರ ಬಂದಾಗ ಹೆಗಲ ಮೇಲೆ ಹೊತ್ತು ತಿರುಗಿದ್ದು ಎಲ್ಲ ಈ ಮಾವನೇ. ಅವಳನ್ನು ಕರೆಯುತ್ತಿದ್ದದ್ದು ಗುಬ್ಬಿ ಎಂದು. ಚಿಕ್ಕವಳಿದ್ದಾಗ ಹಿತ್ತಲಿನ ನೀರಿನ ತೊಟ್ಟಿಗೆ ತಲೆಕೆಳಗಾಗಿ ಬಿದ್ದಿದ್ದಳು. ಕಾಲು ಮಾತ್ರ ಮೇಲೆ ಕಾಣುತ್ತಿತ್ತು. ಎಳೆದು ತೆಗೆದದ್ದೂ ಮಾವನೇ. ಅಂದಿನಿಂದ ಅವಳು ತಲೆಯ ಮೇಲೆ ತಂಬಿಗೆ ನೀರು ಸುರಿದುಕೊಳ್ಳಲೂ ಹೆದರಿ, ಬೊಗಸೆಯಲ್ಲಿ ಮುಖಕ್ಕೆ ಚಿಮುಕಿಸಿಕೊಂಡು ಸ್ನಾನ ಮುಗಿಯಿತು ಅನ್ನುತ್ತಿದ್ದಳು. ಅದಕ್ಕೇ ಗುಬ್ಬಿ.

ಗುಬ್ಬಿ ಓದಿನಲ್ಲಿ ಗಿಡುಗ. ಅದೇ ಕಾಲೇಜಿನಲ್ಲಿ ರಸಾಯನಶಾಸ್ತ್ರ ತೆಗೆದುಕೊಂಡಳು, ಪ್ರತಿ ಪರೀಕ್ಷೆಯಲ್ಲೂ ಮೊದಲ ದರ್ಜೆ. ಕೊನೆಯ ವರ್ಷ ಮುಗಿಯುವ ಮೊದಲೇ ಬಣ್ಣದ ಕಾರ್ಖಾನೆಯವರು ಬಂದು ಮಾತಾಡಿಸಿ, ತಮ್ಮ ಪ್ರಯೋಗಾಲಯದಲ್ಲಿ ಕೆಲಸ ಗೊತ್ತುಮಾಡಿ ಹೋದರು. ಪದವಿಪತ್ರ ತಂದು ತೋರಿಸಿದ ದಿನ ಕೆಲಸಕ್ಕೆ ಸೇರಬಹುದು, ಬೇಸಿಗೆ ಮುಗಿಯುವುದರೊಳಗೆ ತರಬೇಕು. ತಂಗಿ ಅಷ್ಟು ವರ್ಷಗಳ ನಂತರ ಮೊದಲ ಸಲ ಬೀದಿಯಲ್ಲಿ ತಲೆಯೆತ್ತಿ ನಡೆದಳು. ಎಲ್ಲ ಸರಿಯಾಗಿತ್ತು, ಒಂದು ಕೊಳ ದಾಟುವುದಷ್ಟೇ ಬಾಕಿ. ಗುಬ್ಬಿ ಅದನ್ನು ವರ್ಷ ವರ್ಷವೂ ಮುಂದಕ್ಕೆ ತಳ್ಳಿಕೊಂಡು ಬಂದು ಕೊನೆಯ ಅವಧಿಗೆ ತಂದಿಟ್ಟಿದ್ದಳು.

ಮೊದಲ ದಿನ ಕೊಳದ ಮೆಟ್ಟಿಲ ಮೇಲೆ ನಿಂತು ಕಬ್ಬಿಣದ ಕಂಬಿ ಬಿಡಲೇ ಇಲ್ಲ. "ಮಾವಾ, ಕಾಲು ನಡುಗ್ತಿದೆ, ನಾಳೆಯಿಂದ ಶುರು ಮಾಡೋಣ್ವಾ?" ಎಂದಳು.

"ಇಲ್ಲಿ ಮಾವ ಗೀವ ಯಾರೂ ಇಲ್ಲ. ಸರ್ ಅನ್ನು. ಗೇಟು ದಾಟಿದ ಮೇಲೆ ಮಾವ," ಎಂದರು ಮೇಷ್ಟ್ರು, ಸುತ್ತ ನಿಂತವರಿಗೆಲ್ಲ ಕೇಳಿಸುವ ಹಾಗೆ.

"ಆಯ್ತು, ಸರ್ ಮಾವ," ಎಂದಳು ಗುಬ್ಬಿ. ಎಲ್ಲರೂ ನಕ್ಕರು. ಮೇಷ್ಟ್ರು ಮಾತ್ರ ನಗಲಿಲ್ಲ.

ಅವಳು ಕಲಿತ ಪರಿಯನ್ನು ಏನು ಹೇಳುವುದು! ಮೊದಮೊದಲು ಮೊಣಕಾಲು ಮುಟ್ಟುವ ನೀರಿನಲ್ಲೇ ವಾಂತಿ ಮಾಡಿಕೊಂಡಳು. ಆಮೇಲೆ ಮುಖ ಮುಳುಗಿಸಿದಳು. ಆಮೇಲೆ ಕಂಬಿ ಬಿಟ್ಟಳು. ಮೇಷ್ಟ್ರು ಬೇರೆಯವರಿಗಿಂತ ಹೆಚ್ಚಾಗಿ ಅವಳನ್ನೇ ಗದರುತ್ತಿದ್ದರು, ಒಳಗೆ ಜೀವ ಕೈಯಲ್ಲಿ ಹಿಡಿದುಕೊಂಡಿರುತ್ತಿದ್ದರು. ಉಸಿರು ಬಿಡುವುದನ್ನು ಅವರೇ ಹೇಳಿಕೊಟ್ಟರು. ತಲೆ ಒಳಗೆ ಹೋಗಲಿ, ಹೆದರಬೇಡ, ಒಳಗೇ ಗುಳುಗುಳು ಅಂತ ಗಾಳಿ ಬಿಟ್ಟುಬಿಡು, ತಲೆ ತಾನಾಗಿ ಮೇಲೆ ಬರುತ್ತದೆ. ಗುಬ್ಬಿ ಹಾಗೇ ಮಾಡಿದಳು. ತಲೆ ತಾನಾಗಿ ಮೇಲೆ ಬಂತು. ಆ ದಿನ ಊಟಕ್ಕೆ ಕೂತಾಗ ತಂಗಿಯ ಮುಂದೆ ಮೇಷ್ಟ್ರು ನಾಲ್ಕು ಸಲ ಅದನ್ನೇ ಹೇಳಿದರು.

ಪರೀಕ್ಷೆಯ ದಿನ ಬಂತು. ಆ ಬೆಳಿಗ್ಗೆಯೇ ಒಬ್ಬ ಪ್ರೊಫೆಸರರ ಮಗ ನಡುಕೊಳದಲ್ಲಿ ಒದ್ದಾಡಿ ಕೋಲು ಹಿಡಿದು ಫೇಲಾಗಿದ್ದ. ಟವಲು ಹೊದ್ದು ಮೆಟ್ಟಿಲ ಮೇಲೆ ಕೂತು ಮಿಕ್ಕವರನ್ನು ನೋಡುತ್ತಿದ್ದ. ಕೊನೆಗೆ ಗುಬ್ಬಿಯ ಸರದಿ. ಅವಳು ನೀರಿಗೆ ಇಳಿದಳು, ಗೋಡೆಯನ್ನು ಕಾಲಿನಿಂದ ತಳ್ಳಿದಳು, ಹೊರಟಳು. ಚೆಂದದ ಈಜಲ್ಲ, ಮೊಣಕೈ ಅಡ್ಡಾದಿಡ್ಡಿ ಹೋಗುತ್ತಿತ್ತು, ಆದರೆ ಮುಂದೆ ಸಾಗುತ್ತಿದ್ದಳು. ಮೇಷ್ಟ್ರು ಕೋಲು ಹಿಡಿದು ಜೊತೆಗೆ ನಡೆದರು. ಆಳದ ಭಾಗ ಬಂತು. ಅರ್ಧ ದಾಟಿದಳು. ಮುಕ್ಕಾಲು ದಾಟಿದಳು. ಆಗ ಅವಳ ತಲೆ ನೀರೊಳಗೆ ಹೋಯಿತು.

ಮುಳುಗುವವರ ಕೈ ಹೇಗಿರುತ್ತದೆ ಎನ್ನುವುದು ಮೇಷ್ಟ್ರಿಗೆ ಗೊತ್ತಿಲ್ಲದ ವಿಷಯವಲ್ಲ. ಮುಳುಗುವವರು ನೀರನ್ನು ಕೆಳಕ್ಕೆ ಅದುಮುತ್ತಾರೆ, ಏಣಿ ಹತ್ತುವವರಂತೆ. ಗುಬ್ಬಿಯ ಕೈ ಹಾಗೆ ಮಾಡುತ್ತಿರಲಿಲ್ಲ. ಬೇರೆ ಯಾರೇ ಆಗಿದ್ದರೂ ಅವರು ಒಂದು ಗಳಿಗೆ ಕಾಯುತ್ತಿದ್ದರು. ಆದರೆ ಆ ಹೊತ್ತಿಗೆ ಅವರ ಕಣ್ಣಿಗೆ ಕಂಡದ್ದು ಕೊಳವಲ್ಲ, ಹಿತ್ತಲಿನ ತೊಟ್ಟಿ, ಮೇಲೆ ಕಾಣುತ್ತಿದ್ದ ಆ ಎರಡು ಪುಟ್ಟ ಕಾಲು. ಕೋಲು ಇಳಿದೇ ಬಿಟ್ಟಿತು. ತಲೆ ಮೇಲೆತ್ತುತ್ತಿದ್ದ ಗುಬ್ಬಿಯ ಅಂಗೈಗೇ ಬಂದು ತಗುಲಿತು. ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ ಅನ್ನುತ್ತಾರೆ. ಮುಳುಗದವಳಾದರೂ ಕೈಗೆ ತಾನಾಗಿ ಬಂದದ್ದನ್ನು ಹೇಗೆ ಬಿಟ್ಟಾಳು? ಬೆರಳು ಮುಚ್ಚಿಕೊಂಡವು.

ಸೀಟಿ ಊದಿದ್ದೂ ಅವರೇ. ಅದು ಅಭ್ಯಾಸಬಲ.

ಗುಬ್ಬಿ ಕೋಲು ಬಿಟ್ಟು, ಉಳಿದ ದೂರವನ್ನು ತಾನೇ ಈಜಿ, ಗೋಡೆ ಮುಟ್ಟಿ ಮೇಲೆ ಬಂದಳು. ಮೂಗು ಒರೆಸಿಕೊಂಡು, "ನಾನು ಮುಳುಗ್ತಿರ್ಲಿಲ್ಲ. ಉಸಿರು ಬಿಡ್ತಿದ್ದೆ. ನೀವೇ ತಾನೆ ಹೇಳಿಕೊಟ್ಟಿದ್ದು?" ಎಂದಳು.

"ಹೌದು ಸರ್, ಅವಳು ಚೆನ್ನಾಗೇ ಹೋಗ್ತಿದ್ಳು, ಕೋಲು ನೀವೇ ಹಾಕಿದ್ರಿ. ಇನ್ನೊಂದ್ಸಲ ಬಿಡಿ ಸರ್," ಎಂದು ಹುಡುಗಿಯರು ದನಿಗೂಡಿಸಿದರು.

ಬಿಡಬಹುದಿತ್ತು. ಆ ದಿನ ಅವರನ್ನು ಕೇಳುವವರು ಯಾರೂ ಇರಲಿಲ್ಲ. ಮೇಷ್ಟ್ರು ಬಾಯಿ ತೆರೆದರು ಕೂಡ. ಅಷ್ಟರಲ್ಲಿ ಟವಲು ಹೊದ್ದ ಆ ಪ್ರೊಫೆಸರರ ಮಗನ ಕಡೆ ಕಣ್ಣು ಹೋಯಿತು. ಅವನು ತುಟಿಯ ಕೊನೆಯಲ್ಲಿ ಸಣ್ಣಗೆ ನಕ್ಕ, ಅಷ್ಟೇ. ಆ ನಗುವಿನಲ್ಲಿ ಮೇಷ್ಟ್ರಿಗೆ ಇಡೀ ಊರೇ ನಕ್ಕ ಹಾಗಾಯಿತು. ಅಷ್ಟು ವರ್ಷ ಮೈಮೇಲೆ ಹಾಕಿಕೊಂಡು ತಿರುಗಿದ ಒಡವೆಯನ್ನು ಒಂದು ಗಳಿಗೆಯಲ್ಲಿ ಬಿಚ್ಚಿಡುವುದು ಅವರಿಂದ ಆಗಲಿಲ್ಲ.

"ಕೋಲು ಮುಟ್ಟಿದ್ರೆ ಫೇಲು. ಎಲ್ರಿಗೂ ಒಂದೇ ನಿಯಮ. ಮುಂದಿನ ಅವಧೀಲಿ ನೋಡೋಣ," ಎಂದು ಕೋಲನ್ನು ಗೋಡೆಗೆ ಒರಗಿಸಿದರು.

ಆ ಸಂಜೆ ತಂಗಿ ತಟ್ಟೆ ಇಟ್ಟಳು, ಬಡಿಸಲಿಲ್ಲ. ಗುಬ್ಬಿ ಒಳಕೋಣೆಯ ಬಾಗಿಲು ಹಾಕಿಕೊಂಡಿದ್ದಳು.

"ಅಣ್ಣಾ, ಕೋಲು ಹಾಕಿದ್ದು ಯಾರು?" ಎಂದಳು ತಂಗಿ.

"ನಾನೇ."

"ಅವಳು ಮುಳುಗ್ತಿದ್ಲಾ?"

ಮೇಷ್ಟ್ರು ಖಾಲಿ ತಟ್ಟೆಯನ್ನು ನೋಡಿದರು. "ಇಲ್ಲ. ನಂಗೆ ಹಾಗೆ ಅನ್ನಿಸ್ತು."

"ಅಂದ್ರೆ ಹೆದರಿದ್ದು ನೀನು. ಫೇಲಾಗಿದ್ದು ಅವಳು. ಇದ್ಯಾವ ನ್ಯಾಯ?"

"ನಿಯಮ ಅಂದ್ರೆ ನಿಯಮ ಕಣಮ್ಮ. ನನ್ನ ಮನೆ ಹುಡುಗಿ ಅಂತ ಬಿಟ್ರೆ, ಇಲ್ಲೀ ತನಕ ನನ್ನ ಕೈಯಲ್ಲಿ ಫೇಲಾದವರು ಏನಂತಾರೆ?"

"ಅವರಿಗೂ ನಮಗೂ ಏನು ಸಂಬಂಧ? ಅವರು ಬಂದು ನಿಂಗೆ ಅನ್ನ ಹಾಕ್ತಾರಾ?" ತಂಗಿ ದನಿ ತಗ್ಗಿಸಿದಳು. "ಹೋಗ್ಲಿ ಬಿಡು. ಡಾಕ್ಟರ್ ಹತ್ರ ಒಂದು ಸರ್ಟಿಫಿಕೇಟ್ ತರ್ತೀನಿ. ಚಿಕ್ಕಂದಿನಿಂದ ನೀರು ಕಂಡ್ರೆ ಆಗಲ್ಲ ಅಂತ ಬರೆಸ್ತೀನಿ. ಅದೇನು ಸುಳ್ಳಲ್ಲ. ನೀನೊಂದು ಸಹಿ ಹಾಕು. ಹಾವೂ ಸಾಯಬೇಕು, ಕೋಲೂ ಮುರೀಬಾರ್ದು, ಅಷ್ಟು ಮಾಡು."

"ಗಟ್ಟಿಮುಟ್ಟಾಗಿರೋ ಹುಡುಗಿ, ಮುಕ್ಕಾಲು ಕೊಳ ಈಜಿದ್ದಾಳೆ. ಅವಳಿಗೆ ಈಜಕ್ಕಾಗಲ್ಲ ಅಂತ ನಾನು ಸಹಿ ಹಾಕ್ಲಾ? ಸುಳ್ಳಿಗೆ ಈ ಕೈ ಸಹಿ ಹಾಕಲ್ಲ."

"ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ," ಎಂದಳು ತಂಗಿ. ಮತ್ತೆ ಅವಳು ಆ ವಿಷಯ ಎತ್ತಲಿಲ್ಲ. ಅನ್ನ ಬಡಿಸಿದಳು. ಮೇಷ್ಟ್ರು ತಿಂದರು ಕೂಡ. ಹಾಳು ಹೊಟ್ಟೆ ಯಾವ ನಿಯಮವನ್ನೂ ಕೇಳುವುದಿಲ್ಲ.

ಬೇಸಿಗೆ ಮುಗಿಯಿತು. ಬಣ್ಣದ ಕಾರ್ಖಾನೆಯವರು ಕಾದು, ಎರಡು ಸಲ ಕೇಳಿ, ಪಟ್ಟಿಯಲ್ಲಿ ಮುಂದಿದ್ದವರನ್ನು ಕರೆದುಕೊಂಡರು. ಗುಬ್ಬಿ ಮುಂದಿನ ಅವಧಿಯಲ್ಲಿ ಪರೀಕ್ಷೆಗೆ ಹೋಗಲಿಲ್ಲ. ಯಾರು ಎಷ್ಟು ಹೇಳಿದರೂ ಹೋಗಲಿಲ್ಲ. ಮೇಷ್ಟ್ರು ಆ ದಿನ ಕೋಲು ಹಿಡಿದು ಕೊನೆಯ ಹುಡುಗ ಮನೆಗೆ ಹೋದ ಮೇಲೂ ಗೇಟಿನ ಕಡೆ ನೋಡುತ್ತಾ ನಿಂತಿದ್ದರು. ಅವಳು ಮುಖ್ಯರಸ್ತೆಯ ಔಷಧಿ ಅಂಗಡಿಯಲ್ಲಿ ಕೌಂಟರಿನ ಹಿಂದೆ ನಿಂತು ಮಾತ್ರೆ ಕತ್ತರಿಸಿ ಕೊಡುವ ಕೆಲಸಕ್ಕೆ ಸೇರಿಕೊಂಡಳು. ಸಂಜೆ ಮಾವ ಊಟಕ್ಕೆ ಬಂದರೆ ಕೈತೊಳೆದು ಒಳಗೆ ಹೋಗುತ್ತಿದ್ದಳು. ಬೈದಿದ್ದರೆ ಒಳ್ಳೆಯದಿತ್ತು.

ಅದರ ಮರುವರ್ಷ ಕಾಲೇಜಿಗೆ ಹೊಸ ಆಡಳಿತ ಬಂತು. ಕೊಳದ ನೀರು ಶುದ್ಧಮಾಡುವ ಯಂತ್ರ ಕೆಟ್ಟಿತ್ತು, ರಿಪೇರಿ ದುಬಾರಿ. ಸಭೆ ಕೂತು, ಚಹಾ ಕುಡಿದು, ಈ ಕಾಲದಲ್ಲಿ ಪದವಿಗೂ ಈಜಿಗೂ ಏನು ಸಂಬಂಧ ಎಂದು ತಮ್ಮತಮ್ಮಲ್ಲೇ ಕೇಳಿಕೊಂಡು, ಸಂಬಂಧವಿಲ್ಲ ಎಂದು ತಮಗೆ ತಾವೇ ಉತ್ತರ ಹೇಳಿಕೊಂಡು, ನಿಯಮವನ್ನು ತೆಗೆದುಹಾಕಿದರು. ಕೊಳ ಖಾಲಿ ಮಾಡಿಸಿದರು. ಮುರಿದ ಬೆಂಚು, ಕಾಲಿಲ್ಲದ ಕುರ್ಚಿಗಳನ್ನು ಅದರೊಳಗೆ ಪೇರಿಸಿದರು. ಮೇಷ್ಟ್ರನ್ನು ಗ್ರಂಥಾಲಯದ ಬಾಗಿಲಲ್ಲಿ ಕೂರಿಸಿ, ಹೋಗಿಬರುವವರ ಚೀಲ ತಪಾಸಣೆ ಮಾಡು ಎಂದರು.

ಕೋಲನ್ನು ಎಸೆಯಬೇಡಿ, ನಾನೇ ಮನೆಗೆ ಒಯ್ಯುತ್ತೇನೆ ಎಂದು ಕೇಳಲು ಮೇಷ್ಟ್ರು ಆಡಳಿತ ಕಚೇರಿಯ ಮುಖ್ಯ ಗುಮಾಸ್ತರ ಹತ್ತಿರ ಹೋದರು. ಗುಮಾಸ್ತರು ನಿವೃತ್ತಿಯ ಅಂಚಿನಲ್ಲಿದ್ದ ಮಾತುಗಾರ. "ಒಯ್ಯಿರಿ, ಒಯ್ಯಿರಿ. ನಿಮ್ಮ ಸ್ಥಾಪಕರ ಮಗನ ಕಥೆಗೂ ಇವತ್ತಿಗೆ ಮುಕ್ತಿ," ಎಂದು ನಕ್ಕರು.

"ಯಾಕೆ ನಗ್ತೀರಿ? ಪಾಪ, ಆ ತಂದೆ..."

"ಯಾವ ತಂದೆ? ಅವರಿಗೆ ಮಕ್ಕಳೇ ಇರ್ಲಿಲ್ಲ ಮಾರಾಯ್ರೆ! ಯಾವುದೋ ಅನುದಾನ ಮಿಕ್ಕಿತ್ತು, ವಾಪಸ್ ಹೋಗ್ಬಾರ್ದು ಅಂತ ಕೊಳ ಕಟ್ಟಿಸಿದ್ರು. ಒಬ್ಬನೂ ಇಳೀಲಿಲ್ಲ. ತಪಾಸಣೆಗೆ ಬಂದವರು ಇಷ್ಟು ದೊಡ್ಡ ಕೊಳ ಯಾರಿಗಪ್ಪ ಅಂತ ಕೇಳಿದ್ರು. ಕೂಡ್ಲೇ ಒಂದು ನಿಯಮ ಬರೆದ್ರು, ಪದವಿಗೆ ಈಜು ಕಡ್ಡಾಯ ಅಂತ. ಆ ಮಗನ ಕಥೆ ನಿಮಗಿಂತ ಮುಂಚೆ ಇದ್ದ ಈಜು ಮೇಷ್ಟ್ರು ಕಟ್ಟಿದ್ದು, ಹುಡುಗರು ಬಾಯಿ ಮುಚ್ಚಲಿ ಅಂತ."

ಮೇಷ್ಟ್ರು ಕೋಲು ಹಿಡಿದುಕೊಂಡು ಮನೆಗೆ ನಡೆದರು. ಅಷ್ಟುದ್ದದ ಕೋಲು ಹೊತ್ತು ಪೇಟೆಯ ನಡುವೆ ಹೋಗುವ ಮುದುಕನಿಗೆ ಜನ ದಾರಿ ಬಿಟ್ಟುಕೊಟ್ಟರು. ಮೂಗಿಗಿಂತ ಮೂಗುತಿ ಭಾರ ಅನ್ನುತ್ತಾರಲ್ಲ, ಇಲ್ಲಿ ಮೂಗೇ ಇರಲಿಲ್ಲ, ಬರೀ ಮೂಗುತಿಗಾಗಿ ತಾನು ಜೀವಮಾನವಿಡೀ ಕಾವಲು ಕಾದೆ ಎಂದು ಅವರಿಗೆ ಅನ್ನಿಸಿತು. ಅವರಿಗೆ ಅಳು ಬರಲಿಲ್ಲ. ಸಿಟ್ಟು ಬಂತು, ಯಾರ ಮೇಲೆ ಎಂದು ಗೊತ್ತಾಗದ ಸಿಟ್ಟು.

ಆದರೂ ಒಂದು ಆಸೆ ಹುಟ್ಟಿತು. ನಿಯಮವೇ ಹೋದ ಮೇಲೆ ಗುಬ್ಬಿಗೆ ಪದವಿ ಕೊಡಬೇಕಲ್ಲ! ಮರುದಿನವೇ ಕಚೇರಿಗೆ ಓಡಿದರು. ಅಲ್ಲಿ ಗೊತ್ತಾಯಿತು, ನಿಯಮ ಹೋದದ್ದು ಹೊಸದಾಗಿ ಸೇರುವವರಿಗೆ. ಹಿಂದೆ ಸೇರಿದವರಿಗೆ ಹಿಂದಿನ ನಿಯಮವೇ.

"ಹಾಗಾದ್ರೆ ಅವಳು ಈಜಬೇಕಾ?" ಎಂದರು ಮೇಷ್ಟ್ರು.

"ಹೌದು. ಕಾಲೇಜಿನ ಕೊಳದಲ್ಲಿ."

"ಕೊಳದಲ್ಲಿ ಬೆಂಚು ತುಂಬಿದ್ದೀರಿ."

"ಅದು ನಿಜ," ಎಂದರು ಕಚೇರಿಯವರು, ಬಹಳ ಸಹಾನುಭೂತಿಯಿಂದ.

ವರ್ಷಗಳು ಹೋದವು. ಮೇಷ್ಟ್ರು ನಿವೃತ್ತರಾದರು. ಕೋಲು ಹಿತ್ತಲಲ್ಲಿ ಬಟ್ಟೆ ಒಣಹಾಕುವ ಕೋಲಾಯಿತು. ತಂಗಿಗೆ ವಯಸ್ಸಾಯಿತು, ಗುಬ್ಬಿಯ ಕಿವಿಯ ಪಕ್ಕ ಬಿಳಿಕೂದಲು ಬಂತು. ಔಷಧಿ ಅಂಗಡಿಗೆ ಹೊಸ ಹೊಸ ಹುಡುಗರು ಪದವಿ ಹಿಡಿದುಕೊಂಡು ಬರುತ್ತಿದ್ದರು, ಅವಳ ಕೈಕೆಳಗೆ ಕೆಲಸ ಕಲಿಯುತ್ತಿದ್ದರು, ಮರುವರ್ಷ ಅವಳ ಮೇಲಿನ ಕುರ್ಚಿಯಲ್ಲಿ ಕೂರುತ್ತಿದ್ದರು. ಅವಳು ಅವರಿಗೂ ಸರ್ ಅನ್ನುತ್ತಿದ್ದಳು.

ಒಂದು ಸಂಜೆ ತಂಗಿ ಇದ್ದಕ್ಕಿದ್ದಂತೆ, "ಅವಳು ಬೆಳಿಗ್ಗೆ ಎದ್ದು ಹಳೇ ಕಲ್ಲುಕ್ವಾರಿ ಕಡೆ ಹೋಗ್ತಾಳೆ ಅಣ್ಣ. ಒದ್ದೆ ಕೂದಲಲ್ಲಿ ಬರ್ತಾಳೆ. ಕೇಳಿದ್ರೆ ಹೇಳಲ್ಲ," ಎಂದಳು.

ಮರುದಿನ ಬೆಳಕು ಹರಿಯುವಾಗ ಮೇಷ್ಟ್ರು ಕ್ವಾರಿಗೆ ಹೋದರು. ಊರಿನ ಕಟ್ಟಡಗಳಿಗೆಲ್ಲ ಕಲ್ಲು ಕೊಟ್ಟು ಬರಿದಾದ ದೊಡ್ಡ ಗುಂಡಿ ಅದು. ನೀರು ತುಂಬಿ ಎಷ್ಟೋ ಕಾಲವಾಗಿತ್ತು, ಆಳ ಎಷ್ಟೆಂದು ಯಾರೂ ಅಳೆದಿರಲಿಲ್ಲ. ದಂಡೆಯ ಮೇಲೆ ಅವಳ ಚಪ್ಪಲಿ, ಚೀಲ. ನಡುನೀರಿನಲ್ಲಿ ಗುಬ್ಬಿ. ಮೊಣಕೈ ಈಗಲೂ ಅಡ್ಡಾದಿಡ್ಡಿ. ತಲೆ ಒಳಗೆ ಹೋಗುತ್ತಿತ್ತು, ಒಂದಷ್ಟು ಹೊತ್ತು ಒಳಗೇ ಇರುತ್ತಿತ್ತು, ತಾನಾಗಿ ಮೇಲೆ ಬರುತ್ತಿತ್ತು. ಆಚೆ ದಂಡೆ ಮುಟ್ಟಿ, ತಿರುಗಿ, ಮತ್ತೆ ಈಚೆ ಹೊರಟಳು. ಪ್ರತಿ ಸಲ ತಲೆ ಮರೆಯಾದಾಗಲೂ ಮೇಷ್ಟ್ರ ಬಲಗೈ ಕೋಲು ಹಿಡಿದಿರುವ ಹಾಗೆ ಮುಂದೆ ಬರುತ್ತಿತ್ತು. ಅವರು ಆ ಕೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ನಿಂತರು. ಅವಳು ದಂಡೆಗೆ ಬರುವ ಮೊದಲೇ ಹೊರಟುಬಂದರು. ಹೆಮ್ಮೆಯೂ ಆಗಿತ್ತು, ಅವಮಾನವೂ ಆಗಿತ್ತು, ಯಾವುದು ಹೆಚ್ಚು ಎಂದು ಅವರಿಗೆ ದಾರಿಯುದ್ದಕ್ಕೂ ಬಗೆಹರಿಯಲಿಲ್ಲ.

ಅದಾಗಿ ಕೆಲವು ತಿಂಗಳಿಗೆ ಔಷಧಿ ಅಂಗಡಿ ಕೈ ಬದಲಾಯಿತು. ಹೊಸ ಮಾಲೀಕರು ಪದವಿಯಿಲ್ಲದವರು ಕೌಂಟರಿನಲ್ಲಿ ಇರಬಾರದು ಎಂದರು. ಗುಬ್ಬಿಗೆ ತಿಂಗಳ ಗಡುವು ಕೊಟ್ಟರು. ಅವಳ ಸಂಪಾದನೆಯಲ್ಲೇ ಮನೆ ನಡೆಯುತ್ತಿತ್ತು, ತಾಯಿಯ ಔಷಧಿಯೂ ಅಲ್ಲಿಂದಲೇ ಬರುತ್ತಿತ್ತು.

ಒಂದು ಮಧ್ಯಾಹ್ನ ಮೇಷ್ಟ್ರ ಮನೆಯ ಬಾಗಿಲು ತಟ್ಟಿದ ಸದ್ದಾಯಿತು. ಗುಬ್ಬಿ ನಿಂತಿದ್ದಳು. ಆ ಪರೀಕ್ಷೆಯ ದಿನದ ನಂತರ ಅವಳು ಅವರ ಹೊಸ್ತಿಲು ತುಳಿದಿರಲಿಲ್ಲ. ಮೇಷ್ಟ್ರು ಗಡಿಬಿಡಿಯಿಂದ ಕುರ್ಚಿಯ ಮೇಲಿದ್ದ ಬಟ್ಟೆ ಎತ್ತಿದರು, ನೀರು ಕುಡೀತೀಯಾ ಎಂದರು, ಫ್ಯಾನು ಹಾಕಿದರು. ಅವಳು ಕೂರಲಿಲ್ಲ. ಚೀಲದಿಂದ ಒಂದು ಕಾಗದ ತೆಗೆದು ಮೇಜಿನ ಮೇಲೆ ಇಟ್ಟಳು.

ಡಾಕ್ಟರ ಸರ್ಟಿಫಿಕೇಟು. ಬಾಲ್ಯದಲ್ಲಿ ಆದ ಆಘಾತದಿಂದ ಈಕೆ ನೀರಿಗೆ ಇಳಿಯಲಾರಳು, ಈಜಲಾರಳು, ಎಂದೂ ಈಜಿಲ್ಲ. ಕೆಳಗೆ ಡಾಕ್ಟರ ಮೊಹರು. ಅದರ ಪಕ್ಕದಲ್ಲಿ ಖಾಲಿ ಜಾಗ: ಅಂದಿನ ಈಜು ಶಿಕ್ಷಕರ ದೃಢೀಕರಣ.

"ಆ ಹಳೇ ವಿನಾಯಿತಿ ಒಂದು ಇನ್ನೂ ಇದೆಯಂತೆ," ಎಂದಳು. "ಕಚೇರಿಯವರೇ ಹೇಳಿದ್ರು. ಇದೊಂದೇ ದಾರಿ ಅಂದ್ರು."

ಮೇಷ್ಟ್ರು ಅದನ್ನು ಎರಡು ಸಲ ಓದಿದರು. "ಗುಬ್ಬೀ, ನಿಂಗೆ ಈಜು ಬರುತ್ತಲ್ಲೇ. ನಾನೇ ನೋಡಿದೀನಿ. ಕ್ವಾರೀಲಿ. ನನ್ನ ಹತ್ರ ಕಲಿತವರಲ್ಲಿ ಯಾರೂ ಅಷ್ಟು ದೂರ ಹೋಗಿಲ್ಲ."

ಅವಳ ಮುಖ ಒಂದು ಕ್ಷಣ ಬದಲಾಯಿತು, ಮತ್ತೆ ಮೊದಲಿನಂತಾಯಿತು. "ನೋಡಿದ್ರಾ? ಹಾಗಾದ್ರೆ ಅದನ್ನೇ ಬರೆದುಕೊಡಿ. ಪಾಸು ಅಂತ ಬರೀರಿ. ತಗೋತಾರಾ?"

ಮೇಷ್ಟ್ರಿಗೆ ಗೊತ್ತಿತ್ತು, ಪರೀಕ್ಷೆ ಕಾಲೇಜಿನ ಕೊಳದಲ್ಲೇ ಆಗಬೇಕು.

"ಬರುತ್ತೆ ಅಂದ್ರೆ ಪದವಿಯಿಲ್ಲ. ಬರಲ್ಲ ಅಂದ್ರೆ ಇದೆ," ಎಂದಳು ಗುಬ್ಬಿ. ಹೊರಗೆ ಹಿತ್ತಲಲ್ಲಿ ಕೋಲಿನ ಮೇಲೆ ಅವರ ಅಂಗಿಗಳು ಒಣಗುತ್ತಿದ್ದವು. ಅವಳು ಅತ್ತ ಒಮ್ಮೆ ನೋಡಿ, "ಬೇಕಾದ್ರೆ ನೀರಿಗೆ ಹಾಕಿ ನೋಡಿ, ತೇಲುತ್ತಾ ಅಂತ," ಎಂದಳು.

ಮೇಷ್ಟ್ರು ಪೆನ್ನು ಹುಡುಕಿದರು. ಮೊದಲ ಪೆನ್ನು ಬರೆಯಲಿಲ್ಲ. ಎರಡನೆಯದನ್ನು ಗುಬ್ಬಿಯೇ ತನ್ನ ಚೀಲದಿಂದ ಕೊಟ್ಟಳು. ಮೇಲಿನದು ಸತ್ಯ, ಈಕೆಗೆ ಈಜಲು ಬರುವುದಿಲ್ಲ ಎಂದು ಅವರು ದುಂಡಗೆ ಬರೆದರು, ಸಹಿ ಹಾಕಿದರು. ಎಂಥೆಂಥವರ ಮಕ್ಕಳು ಬೇಡಿದರೂ ಹಾಕದ ಸಹಿ. ಜೀವಮಾನದ ಮೊದಲ ಸುಳ್ಳನ್ನು, ತಾನು ಕಲಿಸಿದ ಒಂದೇ ಒಂದು ನಿಜವಾದ ಈಜಿನ ಮೇಲೆ ಹಾಕಿದರು.

"ಅವತ್ತೇ ಹಾಕಬೇಕಿತ್ತು ಕಣೇ," ಎಂದರು. "ಇಲ್ಲ, ಅವತ್ತು ನಿನ್ನ ಇನ್ನೊಂದ್ಸಲ ಬಿಡಬೇಕಿತ್ತು. ತಪ್ಪು ನಂದು. ನನ್ನದೇ."

ಗುಬ್ಬಿ ಶಾಯಿ ಒಣಗಲೆಂದು ಕಾಗದವನ್ನು ಊದಿದಳು. ಮಡಿಸಿ ಚೀಲದಲ್ಲಿಟ್ಟು, ಪೆನ್ನನ್ನು ವಾಪಸ್ ಕೇಳಿ ತೆಗೆದುಕೊಂಡಳು. ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಂಡಳು. ಮೇಷ್ಟ್ರು ಅವಳ ಹಿಂದೆಯೇ ಗೇಟಿನವರೆಗೂ ಬಂದರು, ಗೇಟು ದಾಟಿದ ಮೇಲೆ ಮಾವ ಎಂದು ಒಮ್ಮೆ ತಾವೇ ಹೇಳಿದ್ದವರು, ಅವಳು ಗೇಟು ದಾಟುವುದನ್ನೇ ಕಾಯುತ್ತಾ ನಿಂತರು.

ಅವಳು ಗೇಟು ದಾಟಿದಳು, ತಿರುಗಿ ಚಿಲಕ ಹಾಕಿದಳು.

"ಬರ್ತೀನಿ ಸರ್," ಎಂದಳು.